ಎರಡು ಅರ್ಥಿಂಗ್ ಗುಂಡಿಗಳ ನಡುವಿನ ತಂತಿ

ಸಿಡಿಲಿಗೆ ಸುಟ್ಟ ಸರ್ಕ್ಯೂಟ್ ಕಾರ್ಡಿಗೆ ಸುಟ್ಟ ಹುಣಸೆಬೀಜದ ವಾಸನೆ ಇರುತ್ತದೆ ಎಂದು ತರಬೇತಿಗೆ ಬಂದ ಹೊಸಬರಿಗೆ ನಾನು ಎಷ್ಟೋ ವರ್ಷ ಹೇಳಿದ್ದೇನೆ. ಅವರು ಬರೆದುಕೊಂಡಿದ್ದಾರೆ. ನಿವೃತ್ತನಾದ ಮೇಲೆ ಒಂದು ದಿನ ನಾಲ್ಕು ಹುಣಸೆಬೀಜ ಒಲೆಯ ಮೇಲಿಟ್ಟು ಸುಟ್ಟು ನೋಡಿದೆ. ಹೋಲಿಕೆ ಏನೂ ಇರಲಿಲ್ಲ. ಹೆಂಡತಿ ಅಡುಗೆಮನೆಯ ಕಿಟಕಿ ತೆರೆದಳು. ನಾನು ಹೊರಗೆ ಹೋಗಿ ಕುಳಿತೆ. ವಾಸನೆಯ ವಿಷಯದಲ್ಲೇ ಹೀಗಾದರೆ ನನ್ನ ತಲೆಯಲ್ಲಿರುವ ಉಳಿದ ಸಂಗತಿಗಳ ಗತಿ ಏನು ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳ ಸುತ್ತ ನಾನು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿದೆ. ಕಂಬ ಬಿದ್ದರೆ ಲೈನ್‌ಮನ್‌ಗಳು ಹೋಗುತ್ತಿದ್ದರು. ಮಷೀನು ಕೆಟ್ಟರೆ ಕಂಪನಿಯವರು ಬರುತ್ತಿದ್ದರು. ಕಂಬಕ್ಕೂ ಮಷೀನಿಗೂ ನಡುವಿನ ತಂತಿ ನನ್ನದು. ಆ ತಂತಿಯಲ್ಲಿ ಮಾತು, ಮಾಹಿತಿ ಮಾತ್ರ ಬರಬೇಕು. ಮೋಟಾರಿನ ಗದ್ದಲ, ವಿದ್ಯುತ್ತಿನ ಏರಿಳಿತ, ಸಿಡಿಲು ಬರಬಾರದು. ಇಷ್ಟೇ ಕೆಲಸ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿಕೊಂಡು ಬಂದಿದ್ದೆನಾದ್ದರಿಂದ ಇದು ಆರು ತಿಂಗಳಲ್ಲಿ ಮುಗಿದುಹೋಗುವ ವಿದ್ಯೆ ಎಂದುಕೊಂಡಿದ್ದೆ.

ಮೊದಲ ಪಾಠ ಕುಲಗೋಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಆಯಿತು. ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾದಿಂದ ಕಚೇರಿಯ ಕಂಪ್ಯೂಟರಿಗೆ ಒಂದು ಕೇಬಲ್ ಎಳೆದಿದ್ದರು. ದಿನಕ್ಕೆ ಹತ್ತಾರು ಸಲ ಸಂಪರ್ಕ ಕಡಿಯುತ್ತಿತ್ತು. ತೂಕ ಬರದೆ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ನಿಲ್ಲುತ್ತಿತ್ತು. ನಿಂತ ಕಬ್ಬು ಒಣಗುತ್ತದೆ, ಬೆಳೆದವರು ಸುಮ್ಮನಿರುವುದಿಲ್ಲ. ನಾನು ಮೂರು ಸಲ ಹೋಗಿ ಮೂರು ಸಲವೂ ಕಾರ್ಡ್ ಬದಲಿಸಿದೆ. ಕಾಟಾದ ಗುಮಾಸ್ತ ಇಮಾಮಸಾಬ ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ.

"ಆ ಕಡೆ ಮೋಟಾರ ಗುರ್ ಅಂದ್ರ ಈ ಕಡೆ ಇದು ಕಣ್ಣ ಮುಚ್ಚತೈತ್ರಿ, ಸಾಹೇಬ್ರ."

ಅದು ಕಾಕತಾಳೀಯ ಎಂದು ನಾನು ವಿವರಿಸಿದೆ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದೂ ಹೇಳಿದೆ. ಅವನು ತಲೆಯಾಡಿಸಿದ. ನಾಲ್ಕನೆಯ ಸಲ ಹೋದಾಗ, ಮೋಟಾರು ಶುರುವಾದ ಹೊತ್ತು ಮತ್ತು ಸಂಪರ್ಕ ಕಡಿದ ಹೊತ್ತುಗಳನ್ನು ಎರಡು ಸಾಲಾಗಿ ಬರೆದ ಹಾಳೆ ಕೈಗಿತ್ತ. ಎರಡೂ ಸಾಲು ಒಂದೇ ಆಗಿದ್ದವು. ನೆಲದ ಕಾಲುವೆಯ ಹಲಗೆ ಎತ್ತಿಸಿದೆ. ನಮ್ಮ ಕೇಬಲನ್ನೂ ಮೋಟಾರಿನ ದಪ್ಪ ಕೇಬಲನ್ನೂ ಒಂದೇ ಕೊಳವೆಯಲ್ಲಿ ಕೂಡಿಸಿ, ಮೊಳಕ್ಕೊಂದರಂತೆ ದಾರದಿಂದ ಕಟ್ಟಿದ್ದರು. ಬಹಳ ಒಪ್ಪವಾದ ಕಟ್ಟು. ಮೋಟಾರು ಶುರುವಾದಾಗ ಅದರ ಕೇಬಲಿನಲ್ಲಿ ಹರಿವ ವಿದ್ಯುತ್ತಿನ ಹೊಡೆತ ಪಕ್ಕದ ನಮ್ಮ ತಂತಿಗೂ ತಾಗುತ್ತಿತ್ತು. ಎರಡನ್ನೂ ಎರಡು ಮೊಳ ದೂರ ಮಾಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದ ಮೇಲೆ ತೂಕ ನಿಲ್ಲಲಿಲ್ಲ.

ಆ ಕಟ್ಟನ್ನು ಮೊದಲು ಪರಿಶೀಲಿಸಿ 'ಕೆಲಸ ಅಚ್ಚುಕಟ್ಟಾಗಿದೆ' ಎಂದು ಬರೆದವರು ನಮ್ಮ ಮೇಲಧಿಕಾರಿ ಪಾಟೀಲ ಸಾಹೇಬರು ಎಂದು ನನ್ನ ನೆನಪು. ಕಡತದಲ್ಲಿರುವ ಸಹಿ ನನ್ನದು.

ಪಾಟೀಲ ಸಾಹೇಬರ ಬಗ್ಗೆ ಹೇಳಬೇಕು. ಬರೆಯದ ಕೆಲಸ ಆಗಿಲ್ಲ ಎನ್ನುವುದು ಅವರ ನಂಬಿಕೆ. ಪ್ರತಿ ಕಚೇರಿಯಲ್ಲಿ ಒಂದು ದಪ್ಪ ರಜಿಸ್ಟರ್ ಇಡಿಸಿದ್ದರು. ಕೆಲಸ ಮಾಡಿದವನು ಅವತ್ತೇ, ತನ್ನ ಕೈಯಿಂದಲೇ, ಏನು ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಸಾಹೇಬರ ಸಹಿಗಾಗಿ ಕಾಯುತ್ತಿದ್ದ ದಿನಗೂಲಿಯವರಿಗೆ ಇದು ಇಷ್ಟವಾಗಿತ್ತು. ತಮ್ಮ ಹೆಸರೂ ಸರ್ಕಾರಿ ಪುಸ್ತಕದಲ್ಲಿ ಬರುತ್ತದಲ್ಲ. ನನಗೂ ಒಳ್ಳೆಯ ಪದ್ಧತಿ ಎನಿಸಿತ್ತು. ನನ್ನನ್ನು ಪಾಟೀಲ ಸಾಹೇಬರು 'ಎಮ್ಮೆಸ್ಸಿ ಸಾಹೇಬ್ರು' ಎನ್ನುತ್ತಿದ್ದರು. ಗೌರವದಿಂದಲ್ಲ.

ದಿನಗೂಲಿಯವರಲ್ಲಿ ಅಂಕಲಗಿಯ ಮಲ್ಲಪ್ಪ ಒಬ್ಬ. ಏಳನೆಯ ಇಯತ್ತೆಯವರೆಗೆ ಓದಿದ್ದ, ಕೈಬರಹ ಮುತ್ತಿನಂತಿತ್ತು. ಯಾವ ಲೋಹವನ್ನು ಮುಟ್ಟುವ ಮೊದಲೂ ಅಂಗೈ ಬದಲು ಕೈಯ ಹಿಂಭಾಗ ತಾಗಿಸುತ್ತಿದ್ದ. ವಿದ್ಯುತ್ ಇದ್ದರೆ ಕೈ ಸೆಟೆದು ಹಿಂದಕ್ಕೆ ಬರುತ್ತದೆ. ಅಂಗೈ ತಾಗಿಸಿದರೆ ಮುಷ್ಟಿ ಕಟ್ಟಿ ಅಲ್ಲೇ ಹಿಡಿದುಕೊಳ್ಳುತ್ತದೆ. ಇದನ್ನು ಅವನಿಗೆ ಕಲಿಸಿದವರು ಅಂಗೈ ತಾಗಿಸಿದ್ದ ಹಳೆಯ ಲೈನ್‌ಮನ್ ಒಬ್ಬರು. ಮಲ್ಲಪ್ಪ ದಿನಗೂಲಿಗೆ ಸೇರಿ ಹನ್ನೆರಡು ವರ್ಷವಾಗಿತ್ತು. ಆ ಹೊತ್ತಿಗೆ ಅಂಥವರನ್ನು ಕಾಯಂ ಮಾಡುವ ಪಟ್ಟಿಯೊಂದು ತಯಾರಾಗುತ್ತಿತ್ತು. ಅವನ ಹೆಸರು ಅದರಲ್ಲಿತ್ತು. ಹೆಸರಿನ ಮುಂದೆ ತಪ್ಪಿನ ಷರಾ ಬಿದ್ದವರನ್ನು ಪಟ್ಟಿಯಿಂದ ತೆಗೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹುಕ್ಕೇರಿಯಲ್ಲಿ ನಮ್ಮ ಕಚೇರಿ ಬಾಡಿಗೆ ಮನೆಯೊಂದರಲ್ಲಿತ್ತು. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ. ಸಿಡಿಲೋ ಏರಿದ ವಿದ್ಯುತ್ತೋ ತಂತಿಯಲ್ಲಿ ಬಂದರೆ ಅದನ್ನು ಮಷೀನಿಗೆ ಬಿಡದೆ ನೆಲಕ್ಕೆ ಇಳಿಸಿಬಿಡುವುದು ಈ ಗುಂಡಿಯ ಕೆಲಸ. ಆಳವಾಗಿ ಅಗೆದು, ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ, ಒಣಗದಂತೆ ನೀರು ಹಾಕುತ್ತಿರಬೇಕು. ಗುಂಡಿ ಒಣಗಿದರೆ ನೆಲ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹುಕ್ಕೇರಿಯ ಗುಂಡಿ ಮೀಟರಿನಲ್ಲಿ ಅಳೆದಾಗಲೆಲ್ಲ ಮೂರೂ ಊರಿನಲ್ಲಿ ಅತ್ಯುತ್ತಮ. ಇದ್ದಿಲು, ಉಪ್ಪಿನ ಪ್ರಮಾಣ ನಾನು ಲೆಕ್ಕ ಹಾಕಿ ಕೊಟ್ಟದ್ದು. ಪಾಟೀಲ ಸಾಹೇಬರಿಗೆ ಹಾಗೇ ವರದಿ ಮಾಡಿದ್ದೆ.

ಒಂದು ದಿನ ಹಿತ್ತಲಿಗೆ ಹೋದಾಗ ಮನೆಯ ಯಜಮಾನ್ತಿ ಶಾಂತವ್ವನ ಎಮ್ಮೆಯನ್ನು ಆ ಕೊಳವೆಗೇ ಕಟ್ಟಿದ್ದು ಕಂಡಿತು. ಬಹಳ ಕಾಲದಿಂದ ಅಲ್ಲೇ ಕಟ್ಟುತ್ತಿದ್ದರಂತೆ. ಬಿಚ್ಚಿಸಿದೆ. ಸಿಡಿಲು ಆ ಕೊಳವೆಯಿಂದ ನೆಲಕ್ಕಿಳಿದಾಗ ಸುತ್ತಲಿನ ಮಣ್ಣಿನಲ್ಲಿ ಹರಡುತ್ತದೆ. ಹತ್ತಿರದ ಮಣ್ಣಿನಲ್ಲಿ ಒತ್ತಡ ಹೆಚ್ಚು, ದೂರದಲ್ಲಿ ಕಡಿಮೆ. ಎಮ್ಮೆಯ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ. ಎರಡರ ವ್ಯತ್ಯಾಸ ಎಮ್ಮೆಯ ಮೈಯೊಳಗಿಂದ ಹಾಯುತ್ತದೆ. ಎಮ್ಮೆ ಉಳಿಯುವುದಿಲ್ಲ. ಇದನ್ನೆಲ್ಲ ಶಾಂತವ್ವನಿಗೆ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿ, ಎಮ್ಮೆಯನ್ನು ಬೇವಿನ ಮರದ ಬುಡಕ್ಕೆ ಕಟ್ಟಿದಳು. ಸಿಡಿಲಿಗೆ ಮರದ ಬುಡವೇನೂ ಮೇಲಲ್ಲ ಎನ್ನುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಎರಡು ತಿಂಗಳಲ್ಲಿ ಮೀಟರಿನ ಅಂಕಿ ನಾಲ್ಕು ಪಟ್ಟು ಕೆಟ್ಟಿತು. ನಾನು ಮೀಟರನ್ನು ಅನುಮಾನಿಸಿ ಗೋಕಾಕದಿಂದ ಬೇರೆ ತರಿಸಿದೆ. ಅದೂ ಅದನ್ನೇ ತೋರಿಸಿತು. ಮಲ್ಲಪ್ಪ ಗುಂಡಿಯನ್ನೊಮ್ಮೆ, ಬೇವಿನ ಮರವನ್ನೊಮ್ಮೆ ನೋಡಿದ. ಆಮೇಲೆ ನನಗೆ ಹೊಳೆಯಿತು. ಇಷ್ಟು ವರ್ಷ ಗುಂಡಿಗೆ ಉಪ್ಪು, ತೇವ ಎರಡನ್ನೂ ಕೊಟ್ಟದ್ದು ಎಮ್ಮೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಕೊಡ ನೀರು ಹಾಕಬೇಕೆಂದು ಶಾಂತವ್ವನನ್ನೇ ಕೇಳಿಕೊಂಡೆ.

"ಹಾಕ್ತೀನಿ ಬಿಡ್ರಿ. ನಮ್ಮ ಎಮ್ಮಿ ಹೇಳಿಸ್ಕೊಳ್ಳದ ಮಾಡತಿತ್ತು," ಎಂದಳು.

ಎಮ್ಮೆಯ ಕಾಲಿನ ಆ ಲೆಕ್ಕ ನನಗೆ ಬಾಯಿಪಾಠ ಇತ್ತು ಎಂಬುದನ್ನು ಓದುವವರು ಗಮನಿಸಬೇಕು. ಮೂಡಲಗಿಯಲ್ಲಿ ಆದದ್ದು ಅದು ಗೊತ್ತಿಲ್ಲದ್ದರಿಂದ ಆದದ್ದಲ್ಲ.

ಮೂಡಲಗಿಗೆ ಹೊಸ ಎಲೆಕ್ಟ್ರಾನಿಕ್ ಮಷೀನು ಬಂತು. ಊರಿನ ಫೋನು, ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳು ಎಲ್ಲ ಅದರ ಮೂಲಕ. ಜೊತೆಗೆ ಬಂದ ಪುಸ್ತಕದ ಚಿತ್ರದಲ್ಲಿ ಮಷೀನಿನ ಅರ್ಥಿಂಗಿಗೆ ಪ್ರತ್ಯೇಕ ತಂತಿ ತೋರಿಸಿದ್ದರು. ಆ ಪ್ರತ್ಯೇಕ ತಂತಿ ಕೊನೆಗೆ ಕಟ್ಟಡದ ಅದೇ ಗುಂಡಿಗೆ ಸೇರಬೇಕೆಂಬುದು ಚಿತ್ರದ ಅಂಚಿನಲ್ಲಿತ್ತು. ನಾನು ಪ್ರತ್ಯೇಕ ಗುಂಡಿ ಎಂದೇ ತಿಳಿದೆ. ಕಟ್ಟಡದ ಮುಂದಿನ ವಿದ್ಯುತ್ ಬೋರ್ಡಿನ ಗುಂಡಿಯಲ್ಲಿ ಊರಿನ ಪಂಪು, ಗಿರಣಿ, ವೆಲ್ಡಿಂಗ್ ಎಲ್ಲದರ ಕಸ ಇಳಿಯುತ್ತದೆ. ನಮ್ಮ ಸೂಕ್ಷ್ಮ ಮಷೀನು ಅದನ್ನು ಮುಟ್ಟಬಾರದು. ಕಟ್ಟಡದ ಹಿಂದೆ, ಸಾಕಷ್ಟು ದೂರದಲ್ಲಿ ಹೊಸ ಗುಂಡಿ ತೆಗೆಸಿದೆ. ಮಷೀನನ್ನೂ ಹೊರಗಿನಿಂದ ಬರುವ ಎಲ್ಲ ಕೇಬಲುಗಳ ಸಿಡಿಲು ತಡೆಯುವ ಸಾಧನಗಳನ್ನೂ ಅದಕ್ಕೇ ಕಟ್ಟಿಸಿದೆ. ಮಷೀನಿಗೆ ವಿದ್ಯುತ್ ಮಾತ್ರ ಮುಂದಿನ ಬೋರ್ಡಿನಿಂದ.

ತಿಂಗಳ ನಂತರ ಹೋದಾಗ ಎರಡೂ ಗುಂಡಿಗಳನ್ನು ದಪ್ಪ ತಾಮ್ರದ ತಂತಿಯಿಂದ ಯಾರೋ ಕೂಡಿಸಿದ್ದರು. ಯಾರೆಂದು ಕೇಳಿದೆ.

"ನಾನರಿ," ಎಂದ ಮಲ್ಲಪ್ಪ. "ಒಂದ ಕೈ ಮಷೀನಿಗೆ, ಒಂದ ಕೈ ಬೋರ್ಡಿಗೆ ಹಚ್ಚಿದ್ರ ಜುಮ್ ಅಂತಿತ್ರಿ. ಎರಡೂ ಬ್ಯಾರೆ ಬ್ಯಾರೆ ಇದ್ರ ಹಂಗ ಆಕ್ಕೈತಿ. ಕೂಡಿಸಿದ್ನಿ."

ಈ ಮಷೀನು ಮಡಿಯಲ್ಲಿರಬೇಕು, ಆ ಗುಂಡಿ ಮೈಲಿಗೆಯದು ಎಂದು ಅವನಿಗೆ ತಿಳಿಯಲೆಂದು ಆ ಭಾಷೆಯಲ್ಲೇ ಹೇಳಿದೆ. ಅವನು ಕೊರಳಲ್ಲಿ ಲಿಂಗ ಕಟ್ಟಿದವನು. ಮಡಿಯ ಮಾತಿಗೆ ಸೊಪ್ಪು ಹಾಕುವವನಲ್ಲ.

"ಮ್ಯಾಲೆ ಎರಡ ಗುಂಡಿ ತೋಡಬಹುದರಿ ಸಾಹೇಬ್ರ. ಬುಡಕ ನೆಲಾ ಎರಡ ಆಕ್ಕೈತೇನ್ರಿ?"

ನಾನು ಇಪ್ಪತ್ತು ನಿಮಿಷ ಪಾಠ ಮಾಡಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದದ್ದೂ ನೆನಪಿದೆ, ಸೀಮೆಸುಣ್ಣವೂ ಇರಬಹುದು. ಕೊನೆಗೆ ಕತ್ತರಿಸು ಎಂದೆ. ಅವನು ಕತ್ತರಿಸಿದ. ನಿಯಮದಂತೆ ರಜಿಸ್ಟರಿನಲ್ಲಿ ಬರೆದ: 'ಎರಡು ಗುಂಡಿ ಕೂಡಿಸಿದ ತಂತಿ ಕತ್ತರಿಸಿದ್ದೇನೆ. ಮಲ್ಲಪ್ಪ.' ಯಾರು ಹೇಳಿದ್ದಕ್ಕೆ ಎಂದು ಬರೆಯಲಿಲ್ಲ. ಅದಕ್ಕೆ ಆ ಪುಸ್ತಕದಲ್ಲಿ ಜಾಗ ಇರಲಿಲ್ಲ.

ಮುಂಗಾರಿಗೆ ಮೊದಲಿನ ಒಂದು ಗುಡುಗು ಮಳೆ ಮಧ್ಯಾಹ್ನ ನಾಲ್ಕರ ಸುಮಾರಿಗೆ ಬಂತು. ಕಚೇರಿಯ ಮುಂದಿನ ವಿದ್ಯುತ್ ಕಂಬದ ಹತ್ತಿರ ಸಿಡಿಲು ಬಿತ್ತು. ಬೋರ್ಡಿನ ಗುಂಡಿಯ ಸುತ್ತಲಿನ ನೆಲದ ಒತ್ತಡ ಒಂದು ಕ್ಷಣ ಸಾವಿರಾರು ವೋಲ್ಟಿಗೆ ಏರಿತು. ಹಿಂದಿನ ನನ್ನ ಮಡಿ ಗುಂಡಿ ಇದ್ದ ಹಾಗೇ ಇತ್ತು. ನಡುವೆ ಮಷೀನು, ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಕತ್ತರಿಸಿದ ತಂತಿ ಇದ್ದಿದ್ದರೆ ಎರಡೂ ಕಡೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿತ್ತು. ಮಷೀನಿಗೆ ಗೊತ್ತೂ ಆಗುತ್ತಿರಲಿಲ್ಲ. ಅದು ಇಲ್ಲದ್ದರಿಂದ ವ್ಯತ್ಯಾಸವೆಲ್ಲ ಮಷೀನಿನ ಹೊಟ್ಟೆಯೊಳಗಿಂದ ಹಾದುಹೋಯಿತು. ಸಾಲು ಪೂರ್ತಿ ಕಾರ್ಡುಗಳು ಕಪ್ಪಾದವು. ಊರು ಆರು ದಿನ ಮೂಕವಾಯಿತು. ಸಿಡಿಲು ತಡೆಯುವ ಸಾಧನಗಳು ಒಂದೂ ಕೆಟ್ಟಿರಲಿಲ್ಲ. ಅವು ತಮ್ಮ ಕೇಬಲುಗಳ ಕಡೆಯಿಂದ ಬರುವ ಸಿಡಿಲಿಗಾಗಿ ಕಾಯುತ್ತಿದ್ದವು.

ಪಾಟೀಲ ಸಾಹೇಬರು ವಿಚಾರಣೆಗೆ ಬಂದರು. ರಜಿಸ್ಟರ್ ತೆರೆದರು. ಕತ್ತರಿಸಿದ ತಂತಿಯ ತುದಿ ನೋಡಿದರು. ಕತ್ತರಿಸಿದವ ಯಾರು ಎಂದರು. ಮಲ್ಲಪ್ಪ 'ನಾನರಿ' ಎಂದ. ಯಾಕೆ ಎಂದರು.

ಮುಂದಿನದನ್ನು ನಾನು ತರಬೇತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಾನು ಒಂದು ಹೆಜ್ಜೆ ಮುಂದೆ ಬಂದು, "ಅವಂದೇನೂ ತಪ್ಪಿಲ್ರಿ, ನಾನ ಹೇಳಿದ್ದು" ಎಂದೆ. ಪಾಟೀಲ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಲ್ಲಪ್ಪ ಕಾಯಂ ಆದ. ಈ ಕಥೆ ಹೇಳಿದಾಗ ತರಗತಿ ಗಂಭೀರವಾಗುತ್ತಿತ್ತು. ಆಮೇಲೆ ಚಹಾ.

ನಂತರದ ವರ್ಷಗಳಲ್ಲಿ ನಾನೂ ಮಲ್ಲಪ್ಪನೂ ಹೋದಲ್ಲೆಲ್ಲ ಗುಂಡಿಗಳನ್ನು ಕೂಡಿಸಿದೆವು. ಈಗ ಗಾಜಿನೆಳೆಯ ಫೈಬರ್ ಕೇಬಲ್ ಬಂದಿದೆ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಇನ್ನೇನು ಭಯ ಎಂದು ಹೊಸಬರು ಕೇಳುತ್ತಾರೆ. ನೆಲದಲ್ಲಿ ಹೂಳುವ ಎಷ್ಟೋ ಕೇಬಲುಗಳಿಗೆ ಇಲಿ ಕಡಿಯಬಾರದೆಂದು ಉಕ್ಕಿನ ಕವಚ ಇರುತ್ತದೆ, ಅದರಲ್ಲಿ ಹರಿಯುತ್ತದೆ. ಕಟ್ಟಡದೊಳಗೆ ಬರುವ ಜಾಗದಲ್ಲೇ ಆ ಕವಚವನ್ನು ಅರ್ಥಿಂಗಿಗೆ ಕಟ್ಟಬೇಕು. ಕೇಬಲಿನ ತುದಿಯಲ್ಲಿರುವ ಪೆಟ್ಟಿಗೆಗೆ ವಿದ್ಯುತ್ ಬೇಕಲ್ಲ, ಆ ದಾರಿಯಿಂದಲೂ ಬರುತ್ತದೆ. ಕೊಣ್ಣೂರಿನ ಒಂದು ಅಂಗಡಿಯಲ್ಲಿ ಹೀಗೇ ಪೆಟ್ಟಿಗೆ ಸುಟ್ಟಾಗ ಮಾಲೀಕರು ಗಾಜು ನಕಲಿ ಎಂದು ನನ್ನ ಮುಂದೆ ವಾದಿಸಿದರು.

ಕಳೆದ ವರ್ಷ ಮನೆಯ ಕಾಗದಗಳನ್ನು ತೆಗೆದು ಬಿಸಾಡುವಾಗ ಮೂಡಲಗಿಯ ಕಡತದ ನನ್ನ ಪ್ರತಿ ಸಿಕ್ಕಿತು. ತಂತಿ ಕತ್ತರಿಸಲು ನಾನೇ ಹೇಳಿದ್ದೆ ಎಂಬ ನನ್ನ ಹೇಳಿಕೆ ಅದರಲ್ಲಿದೆ. ಸ್ಪಷ್ಟವಾಗಿದೆ. ಆದರೆ ಅದರ ತಾರೀಖು ವಿಚಾರಣೆಯ ದಿನದ್ದಲ್ಲ. ಹನ್ನೊಂದು ದಿನ ನಂತರದ್ದು. ನಡುವಿನ ದಿನಗಳ ಕಾಗದಗಳೂ ಇವೆ: ಎರಡೂ ಗುಂಡಿಗಳ ಮಣ್ಣಿನ ಅಳತೆ, ಎರಡು ನಕ್ಷೆ, ಕತ್ತರಿಸಿದ ತಂತಿಗೂ ಸುಟ್ಟ ಮಷೀನಿಗೂ ಸಂಬಂಧವಿಲ್ಲ ಎಂದು ಸಾಧಿಸುವ ಮೂರು ಕರಡು ವರದಿಗಳು. ನಾಲ್ಕನೆಯದು ಅರ್ಧಕ್ಕೆ ನಿಂತಿದೆ. ಆ ಹನ್ನೊಂದು ದಿನ ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಕೈಬರಹ ನನ್ನದೇ.

ಗೋಕಾಕದಿಂದ ಅಂಕಲಗಿಗೆ ಬಸ್ಸಿನಲ್ಲಿ ಹೋದೆ. ಮಲ್ಲಪ್ಪನೂ ನಿವೃತ್ತನಾಗಿದ್ದಾನೆ. ಕಟ್ಟೆಯ ಮೇಲೆ ಕುಳಿತು ಯಾರದೋ ಮಿಕ್ಸರಿನ ಮೋಟಾರ್ ಬಿಚ್ಚುತ್ತಿದ್ದ. ಸೊಸೆ ಚಹಾ ತಂದಿಟ್ಟಳು. ಕಡತ ತೋರಿಸಿ, ವಿಚಾರಣೆಯ ದಿನ ನಾನು ಏನು ಹೇಳಿದೆ ಎಂದು ಕೇಳಿದೆ.

"ಏನೂ ಹೇಳಲಿಲ್ರಿ," ಎಂದ.

ಹಾಗಾದರೆ ಪಟ್ಟಿ ಏನಾಯಿತು ಎಂದೆ. ವಿಚಾರಣೆಯಾದ ಎಂಟನೆಯ ದಿನ ಪಟ್ಟಿ ಮೇಲೆ ಹೋಯಿತಂತೆ, ಅವನ ಹೆಸರು ಬಿಟ್ಟು. ನಾನು ಬರೆದುಕೊಟ್ಟ ಮೇಲೆ ಷರಾ ತೆಗೆದರು. ಆದರೆ ಮುಂದಿನ ಪಟ್ಟಿ ಆಗಿದ್ದು ನಾಲ್ಕು ವರ್ಷದ ನಂತರ. ಅದರಲ್ಲಿ ಕಾಯಂ ಆದ. ಇದನ್ನು ಅವನು ಮಳೆ ಎಷ್ಟು ಬಿತ್ತು ಎಂದು ಹೇಳುವ ಹಾಗೆ ಹೇಳಿದ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದೆವು. ಅವನು ಯಾವ ಪಟ್ಟಿಯಲ್ಲಿ ಬಂದ ಎಂದು ನಾನು ಕೇಳಿರಲಿಲ್ಲ.

ಪಾಟೀಲ ಸಾಹೇಬರು ಕೇಳಿದಾಗ ನೀನಾದರೂ ನನ್ನ ಹೆಸರು ಹೇಳಬಹುದಿತ್ತಲ್ಲ ಎಂದೆ.

"ನೀವು ಬಾಜೂಕ ನಿಂತಿದ್ರೆಲ್ರಿ. ನೀವ ಹೇಳ್ತೀರಿ ಅಂತ ಸುಮ್ನಾದ್ನಿ."

ನಾನು ಅಂಜಿದ್ದಿರಬೇಕು ಎಂದೆ. ಆ ವಿವರಣೆ ನನಗೆ ಸಮಾಧಾನ ಕೊಡುವಂತಿತ್ತು. ಮಲ್ಲಪ್ಪ ಮೋಟಾರನ್ನು ಪಕ್ಕಕ್ಕಿಟ್ಟ.

"ಅಂಜಿದ್ದಿಲ್ರಿ ನೀವು. ಅಂಜಿದ್ರ ಲಗೂನ ಹೇಳ್ತಿದ್ರಿ. ನೀವು ಓದಿದ್ದು ಖರೆ ಆಗಬೇಕಾಗಿತ್ತ್ ನಿಮಗ. ಅದಕ್ಕ ದಿನಾ ಬಂದು ಮಣ್ಣ ಅಳಿತಿದ್ರಿ. ಮೀಟರ್ ಹಿಡಕೊಂಡಾವ ನಾನರಿ."

ಕಡತ ಮಡಚಿ ಚೀಲಕ್ಕೆ ಹಾಕಿದೆ. ವರ್ಷಕ್ಕೊಮ್ಮೆ ತರಬೇತಿಗೆ ನನ್ನನ್ನು ಇನ್ನೂ ಕರೆಯುತ್ತಾರೆ; ಈ ಸಲ ನೀನೂ ಬಾ, ನೀನೇ ಹೇಳು ಎಂದೆ.

"ಬ್ಯಾಡ್ರಿ. ನಾ ಬಂದ್ರ ಅವರು ನನ್ನ ಮುಖಾ ನೋಡ್ತಾರ, ತಂತಿ ನೋಡಂಗಿಲ್ಲ. ನೀವ ಹೇಳ್ರಿ."

ಹೇಳುತ್ತಿದ್ದೇನೆ. ಒಂದು ಕಟ್ಟಡದಲ್ಲಿ ಎಷ್ಟೇ ಅರ್ಥಿಂಗ್ ಗುಂಡಿಗಳಿರಲಿ, ಅವನ್ನು ದಪ್ಪ ತಂತಿಯಿಂದ ಕೂಡಿಸಿ. ಯಾರು ಹೇಳಿದರೂ ಬೇರೆ ಮಾಡಬೇಡಿ. ಮೇಲಿನವರು ಕತ್ತರಿಸು ಎಂದರೆ ಬರೆದುಕೊಡಿ ಎಂದು ಕೇಳಿ. ಕತ್ತರಿಸು ಎಂದವರು ನೀವೇ ಆಗಿದ್ದರೆ, ಯಾರು ಎಂದು ಕೇಳಿದ ದಿನವೇ, ಕತ್ತರಿಸಿದವನು ನಿಮ್ಮ ಪಕ್ಕದಲ್ಲಿ ನಿಂತಿರುವಾಗಲೇ ಹೇಳಿ. ಹನ್ನೊಂದನೆಯ ದಿನ ಹೇಳಿದ್ದೂ ಸತ್ಯವೇ. ಪಟ್ಟಿ ಎಂಟನೆಯ ದಿನ ಹೋಗಿರುತ್ತದೆ.